ಸಂಧಿವಾತದ ಕೈಗಳೊಂದಿಗೆ ನರ್ಸಿಂಗ್ ವೃತ್ತಿಯಲ್ಲಿ ಉಳಿಯುವುದು ಹೇಗೆ?

ಪ್ರಶ್ನೆ: ನನಗೆ 31 ವರ್ಷ. ಏಳು ವರ್ಷಗಳಿಂದ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಒಂದು ವರ್ಷದ ಹಿಂದೆ ರುಮಟಾಯ್ಡ್ ಸಂಧಿವಾತ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರುವುದು ಗೊತ್ತಾಗಿ, ಅದನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಎರಡೂ ಮಣಿಕಟ್ಟುಗಳು ಮತ್ತು ಬೆರಳಿನ ಗೆಣ್ಣುಗಳು ಬಿಗಿದುಕೊಂಡಿರುತ್ತವೆ. ಕಳೆದ ತಿಂಗಳು ಬೆಳಗಿನ ಪಾಳಿಯಲ್ಲಿ ಆಂಪೂಲ್ (ಇಂಜೆಕ್ಷನ್ ಔಷಧ ತುಂಬಿ ಮುಚ್ಚಿದ ಪುಟ್ಟ ಗಾಜಿನ ಶೀಸೆ) ಮುರಿಯುವಾಗ ಹಿಡಿತ ತಪ್ಪಿ ಔಷಧ ಚೆಲ್ಲಿಹೋಯಿತು. ಅಂದಿನಿಂದ ನನ್ನ ಕೈಗಳ ಮೇಲೆ ನನಗೇ ನಂಬಿಕೆ ಇಲ್ಲ. ವಾರ್ಡಿನಲ್ಲಿ ಯಾರಿಗೂ ಕಾಯಿಲೆಯ ವಿಷಯ ಹೇಳಿಲ್ಲ. ಮನೆಯವರು ಈ ಕೆಲಸ ಬಿಟ್ಟುಬಿಡು ಎನ್ನುತ್ತಿದ್ದಾರೆ. ನಾನು ಮುಂದುವರಿಯಬಹುದೇ? ಮೇಲಿನವರಿಗೆ ತಿಳಿಸಬೇಕೇ? ನನ್ನಿಂದ ರೋಗಿಗಳಿಗೆ ಅಪಾಯವಿದೆಯೇ?

ಉತ್ತರ: ನೀವು ಮುಂದುವರಿಯಬಹುದು. ಆದರೆ ಈಗಿನ ರೀತಿಯಲ್ಲಿ, ಅಂದರೆ ನೋವನ್ನು ಯಾರಿಗೂ ತಿಳಿಸದೆ, ಎಲ್ಲ ಕೆಲಸವನ್ನೂ ಎಲ್ಲರ ಹಾಗೆಯೇ ಮಾಡಿ ತೋರಿಸುತ್ತ ಹೆಚ್ಚು ಕಾಲ ಮುಂದುವರಿಯಲಾರಿರಿ. ವಾರ್ಡಿನಲ್ಲಿಯೂ ನರ್ಸಿಂಗ್ ಆಡಳಿತದಲ್ಲಿಯೂ ಕಳೆದ ವರ್ಷಗಳಲ್ಲಿ ನಾನು ಕಂಡದ್ದು ಇದು: ದೀರ್ಘಕಾಲದ ಕಾಯಿಲೆಯೋ ಅಂಗವೈಕಲ್ಯವೋ ಇರುವ ನರ್ಸ್‌ಗಳಲ್ಲಿ ಹೆಚ್ಚಿನವರು ಕೆಲಸ ಮಾಡಲಾಗದೆ ವೃತ್ತಿ ಬಿಟ್ಟವರಲ್ಲ, ಮುಚ್ಚಿಟ್ಟುಕೊಳ್ಳುವ ಶ್ರಮದಲ್ಲಿ ದಣಿದು ಬಿಟ್ಟವರು. ಆದ್ದರಿಂದ ನಿಮ್ಮ ಮೂರು ಪ್ರಶ್ನೆಗಳನ್ನು ಆ ಆಂಪೂಲಿನಿಂದಲೇ ಆರಂಭಿಸಿ ನೋಡೋಣ.

ಆಂಪೂಲ್ ಮುರಿಯುವಾಗ ಆಗುವುದೇನೆಂದು ಒಮ್ಮೆ ನಿಧಾನವಾಗಿ ನೆನಪಿಸಿಕೊಳ್ಳಿ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳು ಬುಡವನ್ನು ಬಿಗಿಯಾಗಿ ಹಿಡಿಯುತ್ತವೆ, ಬಲಗೈಯ ಹೆಬ್ಬೆರಳು ಕತ್ತಿನ ಮೇಲೆ ಕೂರುತ್ತದೆ, ಮಣಿಕಟ್ಟು ಒಮ್ಮೆಲೇ ಹೊರಕ್ಕೆ ಬಾಗುತ್ತದೆ. ಅರೆ ಕ್ಷಣದ ಈ ಕ್ರಿಯೆಯಲ್ಲಿ ಇಡೀ ಬಲ ಹೆಬ್ಬೆರಳಿನ ಬುಡದ ಕೀಲಿನ ಮೇಲೂ ಮಣಿಕಟ್ಟಿನ ಮೇಲೂ ಬೀಳುತ್ತದೆ, ಅಂದರೆ ಸಂಧಿವಾತವು ಊದಿಸಿಟ್ಟಿರುವ ಜಾಗಗಳ ಮೇಲೆಯೇ ಬೀಳುತ್ತದೆ. ಅದೂ ಬೆಳಗಿನ ಪಾಳಿಯಲ್ಲಿ. ಈ ಕಾಯಿಲೆಯಲ್ಲಿ ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳು ರಕ್ತದಲ್ಲಿ ಏರುವುದು ನಸುಕಿನ ಹೊತ್ತಿನಲ್ಲಿ. ಎದ್ದ ಮೇಲೆ ಒಂದು ಗಂಟೆ, ಕೆಲವರಿಗೆ ಅದಕ್ಕೂ ಹೆಚ್ಚು ಹೊತ್ತು ಕೀಲುಗಳು ಬಿಗಿದಿರುವುದಕ್ಕೆ ಅದು ಒಂದು ಕಾರಣ. ಹಾಗಾದರೆ ಅಂದು ಜಾರಿದ್ದು ನಿಮ್ಮ ಸಾಮರ್ಥ್ಯವಲ್ಲ. ಒಂದು ನಿರ್ದಿಷ್ಟ ಹಿಡಿತ, ಒಂದು ನಿರ್ದಿಷ್ಟ ಹೊತ್ತಿನಲ್ಲಿ, ಬರಿಗೈಯಲ್ಲಿ ನಡೆದಾಗ ತಪ್ಪಿತು. ಈ ಮೂರರಲ್ಲಿ ಪ್ರತಿಯೊಂದಕ್ಕೂ ಉಪಾಯವಿದೆ. ಹಿಡಿತಕ್ಕೂ ಬರಿಗೈಗೂ ಆಂಪೂಲ್ ಓಪನರ್ ಇದೆ. ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯಂಥ ಆ ಸಾಧನ ಸನ್ನೆಕೋಲಿನಂತೆ ಕೆಲಸ ಮಾಡಿ ಬಲವನ್ನು ಬೆರಳ ತುದಿಯಿಂದ ಇಡೀ ಅಂಗೈಗೆ ಹಂಚುತ್ತದೆ, ಗಾಜು ತಾಗಿ ಕೈ ಕೊಯ್ಯುವುದನ್ನೂ ತಪ್ಪಿಸುತ್ತದೆ. ಹೊತ್ತಿಗೆ ಪಾಳಿಯ ಬದಲಾವಣೆ ಇದೆ.

ಇದೇ ಕಣ್ಣಿನಿಂದ ಉಳಿದ ಕೆಲಸಗಳನ್ನೂ ನೋಡಿ. ವಯಲ್‌ನಿಂದ, ಅಂದರೆ ರಬ್ಬರ್ ಮುಚ್ಚಳದ ಔಷಧದ ಶೀಸೆಯಿಂದ, ಔಷಧ ಎಳೆಯುವಾಗ ಅಷ್ಟೇ ಪ್ರಮಾಣದ ಗಾಳಿಯನ್ನು ಮೊದಲು ಒಳಗೆ ಬಿಟ್ಟರೆ ಪ್ಲಂಜರ್ (ಸಿರಿಂಜಿನ ಒಳದಂಡ) ಎಳೆಯಲು ಬೇಕಾದ ಬಲ ತಗ್ಗುತ್ತದೆ. ನಮಗೆ ಕಲಿಸಿದ್ದೇ ಹಾಗೆ, ಆದರೆ ಅವಸರದಲ್ಲಿ ಬಿಟ್ಟುಬಿಡುತ್ತೇವೆ. ದೊಡ್ಡ ಸಿರಿಂಜಿನ ಪ್ಲಂಜರ್ ಅಗಲವಾಗಿರುವುದರಿಂದ ಅದನ್ನು ತಳ್ಳಲು ಹೆಚ್ಚು ಬಲ ಬೇಕು. ಆದ್ದರಿಂದ ಪ್ರಮಾಣಕ್ಕೆ ಸಾಲುವ ಅತಿ ಚಿಕ್ಕ ಸಿರಿಂಜನ್ನೇ ಆರಿಸಿ. ಕೈಯಲ್ಲಿ ಒತ್ತಿ ಏರಿಸುವ ಬಿ.ಪಿ. ಯಂತ್ರಕ್ಕೆ ಬದಲು ತಾನಾಗಿ ಏರುವ ಯಂತ್ರ, ಹೆಬ್ಬೆರಳಿನಲ್ಲಿ ತಿರುಗಿಸುವ ಡ್ರಿಪ್ಪಿನ ಕ್ಲಾಂಪಿಗೆ ಬದಲು ಇನ್‌ಫ್ಯೂಷನ್ ಪಂಪ್, ಮಾತ್ರೆ ಅರೆಯಲು ಅಂಗೈಯಿಂದ ಒತ್ತುವ ಕ್ರಷರ್, ಇವುಗಳಲ್ಲಿ ಬಹಳಷ್ಟು ಆಸ್ಪತ್ರೆಯಲ್ಲಿ ಆಗಲೇ ಎಲ್ಲೋ ಇರುತ್ತವೆ, ನಿಮ್ಮ ಕೈಗೆ ಸಿಗುವ ಜಾಗದಲ್ಲಿ ಇರುವುದಿಲ್ಲ ಅಷ್ಟೆ. ಹಸ್ತಚಿಕಿತ್ಸೆಯಲ್ಲಿ ಅನುಭವವಿರುವ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕರು) ಒಬ್ಬರನ್ನು ಕಂಡು, ನೀವು ದಿನವೂ ಮಾಡುವ ಹತ್ತು ಕೈಕೆಲಸಗಳನ್ನು ಅವರ ಮುಂದೆ ಮಾಡಿ ತೋರಿಸಿ. ನರ್ಸ್ ಕೆಲಸದ ಬಗ್ಗೆ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ಖಾಲಿ ವಯಲ್, ಸಿರಿಂಜ್, ಡ್ರಿಪ್ ಸೆಟ್ಟುಗಳನ್ನು ಕೊಂಡೊಯ್ಯಿರಿ.

ಅದಕ್ಕೂ ಮೊದಲು ಎರಡು ವಾರ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಯಾವ ಕೆಲಸ, ಎಷ್ಟು ಗಂಟೆಗೆ, ನೋವು ಎಷ್ಟು, ಹೇಗೆ ನಿಭಾಯಿಸಿದಿರಿ, ಯಾರ ನೆರವು ಬೇಕಾಯಿತು. ಎರಡು ವಾರಗಳ ಬಳಿಕ ನಿಮ್ಮ ಕೆಲಸಗಳು ತಾವಾಗಿಯೇ ಬೇರೆಬೇರೆ ಗುಂಪುಗಳಾಗಿ ನಿಲ್ಲುತ್ತವೆ. ತೊಂದರೆಯಿಲ್ಲದೆ ಮಾಡುವವು, ಸಾಧನವೋ ಹೊತ್ತೋ ಬದಲಾದರೆ ಮಾಡಬಲ್ಲವು, ಈಗ ಮಾಡಲೇಬಾರದವು. ಕೊನೆಯ ಗುಂಪು ಖಾಲಿ ಇರುವುದಿಲ್ಲ, ಆದರೆ ಭಯ ಹೇಳುವಷ್ಟು ದೊಡ್ಡದೂ ಇರುವುದಿಲ್ಲ ಎಂಬುದು ನನ್ನ ಅನುಭವ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ವರ್ಗೀಕರಣವು ಅಂಗವೈಕಲ್ಯವನ್ನು ದೇಹದ ದೋಷವೆಂದಷ್ಟೇ ಹೇಳುವುದಿಲ್ಲ. ದೇಹದ ಸ್ಥಿತಿಯೂ ಸುತ್ತಲಿನ ವ್ಯವಸ್ಥೆಯೂ ಕೂಡಿದಲ್ಲಿ ಹುಟ್ಟುವ ಅಡಚಣೆ ಎನ್ನುತ್ತದೆ. ವಾರ್ಡಿನಲ್ಲಿ ನಿಂತು ನೋಡಿದರೆ ಈ ಮಾತಿನ ಅರ್ಥ ತೀರಾ ಸರಳ: ಓಪನರ್ ಇದ್ದ ದಿನ ನೀವು ನರ್ಸ್, ಇಲ್ಲದ ದಿನ ಅಂಗವಿಕಲ ನರ್ಸ್.

ಮಾಡಲೇಬಾರದ ಗುಂಪಿನಲ್ಲಿ ನಾನು ಮೊದಲು ಬರೆಯುವುದು ರೋಗಿಯನ್ನು ಕೈಯಿಂದ ಎತ್ತುವ ಕೆಲಸ. ಇದನ್ನು ನಿಮಗೊಬ್ಬರಿಗೇ ಹೇಳುತ್ತಿಲ್ಲ. ಔದ್ಯೋಗಿಕ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕಾಚಾರದಂತೆ, ಅನುಕೂಲಕರ ಸ್ಥಿತಿಯಲ್ಲಿಯೂ ಒಬ್ಬ ಆರೋಗ್ಯವಂತ ಕೆಲಸಗಾರ ರೋಗಿಯ ಭಾರದಲ್ಲಿ ಕೈಯಿಂದ ಹೊರಬಹುದಾದ ಮಿತಿ ಸುಮಾರು 16 ಕಿಲೋ. ವಯಸ್ಕನೊಬ್ಬನ ಒಂದು ಕಾಲೇ ಕೆಲವೊಮ್ಮೆ ಅದರ ಹತ್ತಿರ ತೂಗುತ್ತದೆ. ಹಾಸಿಗೆಯಲ್ಲಿ ಮೇಲಕ್ಕೆ ಸರಿಸಲು ಸ್ಲೈಡ್ ಶೀಟ್ ಎಂಬ ನುಣುಪಾದ ಹಾಸು, ಎಬ್ಬಿಸಿ ಕೂರಿಸಲು ಹೋಯಿಸ್ಟ್ ಎಂಬ ಎತ್ತುವ ಯಂತ್ರ ಬಳಸಬೇಕಾದುದು ಎಲ್ಲ ನರ್ಸ್‌ಗಳ ಬೆನ್ನು ಉಳಿಯಲಿ ಎಂದು. ನಿಮಗಾಗಿ ಕೇಳಿ ತರಿಸಿಕೊಂಡ ಸ್ಲೈಡ್ ಶೀಟ್ ಆರು ತಿಂಗಳಲ್ಲಿ ಇಡೀ ವಾರ್ಡಿನದಾಗುತ್ತದೆ. ವಿಶೇಷ ರಿಯಾಯಿತಿ ಕೇಳುತ್ತಿದ್ದೇನೆಂಬ ಸಂಕೋಚ ನಿಮ್ಮನ್ನು ತಡೆದರೆ ಇದನ್ನು ನೆನಪಿಸಿಕೊಳ್ಳಿ.

ಪಾಳಿಯ ವಿಷಯಕ್ಕೆ ಬರೋಣ. ನಿಮ್ಮ ಕೀಲುಗಳು ಬೆಳಿಗ್ಗೆ ಹತ್ತರ ಹೊತ್ತಿಗೆ ಸಡಿಲಗೊಳ್ಳುವುದಾದರೆ ಮಧ್ಯಾಹ್ನದ ಪಾಳಿಯೇ ನಿಮಗೆ ಸಹಜವಾದದ್ದು. ಬೆಳಗಿನ ಪಾಳಿ ಬಂದೇ ಬರುತ್ತದೆ ಎಂದಾದರೆ ಒಂದೂವರೆ ಗಂಟೆ ಮೊದಲು ಎದ್ದು, ಬಿಸಿನೀರಿನಲ್ಲಿ ಕೈಗಳನ್ನು ಆಡಿಸಿ, ಮೊದಲ ಗಂಟೆಯಲ್ಲಿ ಹ್ಯಾಂಡೋವರ್ (ಹಿಂದಿನ ಪಾಳಿಯವರಿಂದ ಹೊಣೆ ವಹಿಸಿಕೊಳ್ಳುವುದು), ರೋಗಿಗಳ ಪರೀಕ್ಷೆ, ಬರವಣಿಗೆಗಳನ್ನು ಇಟ್ಟುಕೊಂಡು, ಇಂಜೆಕ್ಷನ್‌ಗಳ ಸುತ್ತನ್ನು ಜೊತೆಯವರೊಂದಿಗೆ ಬದಲಾಯಿಸಿಕೊಳ್ಳಲು ಸಾಧ್ಯವೇ ನೋಡಿ. ರಾತ್ರಿ ಪಾಳಿಯಲ್ಲಿ ನಿದ್ರೆ ಕೆಟ್ಟರೆ ನೋವು ಹೆಚ್ಚೆನಿಸುತ್ತದೆ. ಅದನ್ನು ಪೂರ್ತಿ ಬಿಡಲಾಗದಿದ್ದರೆ ಸಾಲಾಗಿ ಬರುವ ರಾತ್ರಿಗಳ ಸಂಖ್ಯೆಯನ್ನಾದರೂ ಕಡಿಮೆ ಮಾಡಿಸಿ. ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಮುಂದಕ್ಕೆ ಸಾಗುವ ಕ್ರಮ ಹಿಂದಕ್ಕೆ ಸಾಗುವ ಕ್ರಮಕ್ಕಿಂತ ದೇಹಕ್ಕೆ ಒಗ್ಗುತ್ತದೆ, ಏಕೆಂದರೆ ನಮ್ಮೊಳಗಿನ ಗಡಿಯಾರ ಸರಾಸರಿಯಲ್ಲಿ 24 ಗಂಟೆಗಿಂತ ಸ್ವಲ್ಪ ಉದ್ದವಾದದ್ದು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧವೆಂದು ನಿಮಗೆ ನಾನು ಹೇಳಬೇಕಿಲ್ಲ; ಆದರೆ ವಾರದ ಯಾವ ದಿನ ಎಂಬುದನ್ನು ಯೋಚಿಸಿದ್ದೀರಾ? ಮರುದಿನ ವಾಕರಿಕೆ, ಸುಸ್ತು ಕಾಡುವವರು ವಾರದ ರಜೆಯ ಹಿಂದಿನ ಸಂಜೆಗೆ ಅದನ್ನು ಹೊಂದಿಸಿಕೊಳ್ಳಬಹುದು. ವೈದ್ಯರೊಂದಿಗೆ ಒಂದು ನಿಮಿಷದ ಮಾತು, ತಿಂಗಳಿಗೆ ನಾಲ್ಕು ಒಳ್ಳೆಯ ಕೆಲಸದ ದಿನಗಳು.

ಔಷಧದ ಮತ್ತೊಂದು ಮುಖ ಸೋಂಕು. ಮೆಥೊಟ್ರೆಕ್ಸೇಟ್ ಹಾಗೂ ಮುಂದೆ ಬೇಕಾಗಬಹುದಾದ ಬಯಾಲಜಿಕ್ ಔಷಧಗಳು (ಜೀವಕೋಶಗಳಿಂದ ತಯಾರಿಸಿದವು) ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಜೀವಂತ ವೈರಾಣುಗಳಿರುವ ಲಸಿಕೆಗಳನ್ನು ತಜ್ಞರನ್ನು ಕೇಳದೆ ಹಾಕಿಸಿಕೊಳ್ಳಬೇಡಿ. ಇನ್‌ಫ್ಲುಯೆಂಜಾ ಮತ್ತು ನ್ಯುಮೊಕಾಕಸ್ ಲಸಿಕೆಗಳನ್ನು ತಪ್ಪಿಸಬೇಡಿ. ಹೆಪಟೈಟಿಸ್ ಬಿ ಸ್ಥಿತಿ ಗೊತ್ತಿರಲಿ. ಬಯಾಲಜಿಕ್ ಆರಂಭಿಸುವ ಮುನ್ನ ಕ್ಷಯದ ಪರೀಕ್ಷೆ ಆಗಲೇಬೇಕು, ಮತ್ತು ಕಫದಲ್ಲಿ ಕ್ಷಯಾಣುಗಳಿರುವ ರೋಗಿಗಳ ಆರೈಕೆಗೆ ನಿಮ್ಮನ್ನು ಹಾಕದಿರುವುದು ಸರಿಯಾದ ಕೋರಿಕೆ. ಮಣಿಕಟ್ಟಿಗೆ ಆಸರೆಯ ಪಟ್ಟಿ, ಅಂದರೆ ಸ್ಪ್ಲಿಂಟ್, ಧರಿಸುವವರು ಒಂದು ಎಚ್ಚರ ವಹಿಸಬೇಕು: ಬಟ್ಟೆಯ ಸ್ಪ್ಲಿಂಟ್ ತೊಟ್ಟ ಕೈಯನ್ನು ಸರಿಯಾಗಿ ತೊಳೆಯಲಾಗುವುದಿಲ್ಲ, ಆದ್ದರಿಂದ ರೋಗಿಯನ್ನು ಮುಟ್ಟುವ ಕೆಲಸದಲ್ಲಿ ಅದು ಬೇಡ. ತೊಳೆದು ಒರೆಸಬಹುದಾದ ಪ್ಲಾಸ್ಟಿಕ್ ಸ್ಪ್ಲಿಂಟನ್ನು ಬರೆಯುವಾಗ, ವಿರಾಮದಲ್ಲಿ ಧರಿಸಿ, ಸೋಂಕು ನಿಯಂತ್ರಣ ವಿಭಾಗದ ಒಪ್ಪಿಗೆ ಪಡೆದುಕೊಳ್ಳಿ. ಮಗುವಿನ ಯೋಚನೆ ಮನೆಯಲ್ಲಿದ್ದರೆ ಅದನ್ನೂ ಈಗಲೇ ತಜ್ಞರಿಗೆ ಹೇಳಿ. ಮೆಥೊಟ್ರೆಕ್ಸೇಟನ್ನು ಗರ್ಭಧಾರಣೆಗೆ ಮೊದಲೇ ನಿಲ್ಲಿಸಿ ಬೇರೆ ಔಷಧಕ್ಕೆ ಬದಲಾಗಬೇಕಾಗುತ್ತದೆ, ಆ ಬದಲಾವಣೆಯ ತಿಂಗಳುಗಳಲ್ಲಿ ಕೀಲುಗಳು ಕೆರಳಬಹುದು.

ಮೇಲಿನವರಿಗೆ ತಿಳಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು. ಆದರೆ ಎಲ್ಲವನ್ನೂ, ಎಲ್ಲರಿಗೂ ಅಲ್ಲ. ಕಾಯಿಲೆಯ ಹೆಸರು, ರಕ್ತಪರೀಕ್ಷೆಯ ವಿವರಗಳು ನಿಮ್ಮ ಖಾಸಗಿ ವಿಷಯ. ಅವು ಬೇಕಾದಲ್ಲಿ ಉದ್ಯೋಗಿಗಳ ಆರೋಗ್ಯ ನೋಡುವ ವೈದ್ಯರ ಬಳಿ ಇರಲಿ. ವಾರ್ಡ್ ಇನ್‌ಚಾರ್ಜ್ ಅವರಿಗೆ ಗೊತ್ತಾಗಬೇಕಾದದ್ದು ಕೆಲಸಕ್ಕೆ ಸಂಬಂಧಿಸಿದ ಭಾಗ. ‘ನನಗೊಂದು ಕೀಲಿನ ಕಾಯಿಲೆ ಇದೆ, ಚಿಕಿತ್ಸೆ ನಡೆಯುತ್ತಿದೆ. ಬೆಳಿಗ್ಗೆ ಹತ್ತರವರೆಗೆ ಬೆರಳುಗಳಲ್ಲಿ ಬಲ ಕಡಿಮೆ. ಆಂಪೂಲ್ ಓಪನರ್, ಸ್ಲೈಡ್ ಶೀಟ್ ಮತ್ತು ಆದಷ್ಟು ಮಧ್ಯಾಹ್ನದ ಪಾಳಿ ಸಿಕ್ಕಿದರೆ ನನ್ನ ಪಾಲಿನ ರೋಗಿಗಳನ್ನು ಪೂರ್ತಿಯಾಗಿ ನೋಡಿಕೊಳ್ಳಬಲ್ಲೆ’ ಎಂಬಷ್ಟು ಹೇಳಿ, ಅದನ್ನೇ ಬರಹದಲ್ಲಿಯೂ ಕೊಡಿ, ಜೊತೆಗೆ ವೈದ್ಯರ ಪತ್ರವಿರಲಿ. ಆ ಪತ್ರದಲ್ಲಿ ‘ಹಗುರವಾದ ಕೆಲಸ ಕೊಡಿ’ ಎಂದು ಬರೆಸಬೇಡಿ. ಹಾಗೆ ಬರೆದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಕೊನೆಗೆ ನಿಮ್ಮನ್ನು ದಾಖಲೆ ಕೋಣೆಯಲ್ಲಿ ಕೂರಿಸುತ್ತಾರೆ. ಯಾವ ಚಲನೆ, ಎಷ್ಟು ಭಾರ, ಯಾವ ಹೊತ್ತು ಎಂದು ಬರೆಸಿ.

ತಪ್ಪಾದ ಮೇಲೆ ಹೇಳಿದ ಕಾಯಿಲೆ ಸಮಜಾಯಿಷಿಯಂತೆ ಕೇಳಿಸುತ್ತದೆ, ತಪ್ಪಾಗುವ ಮೊದಲು ಹೇಳಿದ್ದು ಹೊಣೆಗಾರಿಕೆಯಂತೆ ಕೇಳಿಸುತ್ತದೆ. ಹಿಂದೆ ನಾನು ಇನ್‌ಚಾರ್ಜ್ ಆಗಿದ್ದ ವಾರ್ಡಿನಲ್ಲಿ ಒಬ್ಬ ಚುರುಕಾದ ನರ್ಸ್ ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟರು. ಅವರಿಗೆ ಅಪಸ್ಮಾರವಿತ್ತು, ನಿದ್ರೆಗೆಟ್ಟ ರಾತ್ರಿಗಳ ಬಳಿಕ ಸೆಳವು ಬರುತ್ತಿತ್ತು ಎಂಬುದು ಎಷ್ಟೋ ತಿಂಗಳ ನಂತರ ತಿಳಿಯಿತು. ರಾತ್ರಿ ಪಾಳಿಯಿಂದ ವಿನಾಯಿತಿ ಕೊಡುವುದು ನನ್ನ ಕೈಯಲ್ಲೇ ಇತ್ತು. ಅವರು ಕೇಳಲಿಲ್ಲ, ನಾನೂ ಒಂದು ಮಾತು ವಿಚಾರಿಸಲಿಲ್ಲ. ಆ ನೋವು ನನ್ನಲ್ಲಿ ಇಂದಿಗೂ ಇದೆ, ಅದಕ್ಕಾಗಿಯೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಾನೂನಿನ ಬೆಂಬಲವೂ ಇದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯು ಉದ್ಯೋಗದ ಹಕ್ಕನ್ನು ಹೇಳುತ್ತದೆ, ‘ಸಮಂಜಸ ಹೊಂದಾಣಿಕೆ’ ಒದಗಿಸುವ ಹೊಣೆಯನ್ನೂ ಹೇಳುತ್ತದೆ. ಅಮೆರಿಕದ 1990ರ ಅಂಗವಿಕಲರ ಕಾಯಿದೆ, ಬ್ರಿಟನ್ನಿನ 2010ರ ಸಮಾನತಾ ಕಾಯಿದೆ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಗಳಲ್ಲಿ ಇದೇ ತತ್ತ್ವ ಬೇರೆಬೇರೆ ಮಾತುಗಳಲ್ಲಿದೆ. ಉದ್ಯೋಗದಾತರು ತಮಗೆ ಅತಿಯಾದ ಹೊರೆಯಾಗದ ಬದಲಾವಣೆಗಳನ್ನು ಮಾಡಿಕೊಡಬೇಕು. ಕೆಲಸದ ತಿರುಳನ್ನೇ ಕೈಬಿಡಬೇಕೆಂದು ನಾವು ಕೇಳುವಂತಿಲ್ಲ. ಆದ್ದರಿಂದ ವಾದವೆಲ್ಲ ಕೊನೆಗೆ ಒಂದೇ ಪ್ರಶ್ನೆಯ ಸುತ್ತ ನಿಲ್ಲುತ್ತದೆ: ನರ್ಸಿಂಗ್ ಕೆಲಸದ ತಿರುಳು ಯಾವುದು?

ಈ ಪ್ರಶ್ನೆ 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಫ್ರಾನ್ಸಿಸ್ ಡೇವಿಸ್ ಎಂಬ ಮಹಿಳೆಗೆ ತೀವ್ರ ಶ್ರವಣದೋಷವಿತ್ತು; ಎದುರಿನವರ ತುಟಿಯ ಚಲನೆ ನೋಡಿಯೇ ಮಾತನ್ನು ಅರ್ಥ ಮಾಡಿಕೊಳ್ಳುತ್ತಿದ್ದರು. ಉತ್ತರ ಕೆರೊಲಿನಾದ ಸೌತ್‌ಈಸ್ಟರ್ನ್ ಕಮ್ಯುನಿಟಿ ಕಾಲೇಜು ಅವರಿಗೆ ನರ್ಸಿಂಗ್ ಕೋರ್ಸಿನಲ್ಲಿ ಪ್ರವೇಶ ನಿರಾಕರಿಸಿತು. ಎಲ್ಲರೂ ಮಾಸ್ಕ್ ಧರಿಸುವ ಆಪರೇಷನ್ ಥಿಯೇಟರಿನಲ್ಲಿ ತುಟಿ ಕಾಣುವುದಿಲ್ಲ ಎಂಬುದು ಮುಂದಿಟ್ಟ ಕಾರಣಗಳಲ್ಲಿ ಒಂದು. ನ್ಯಾಯಾಲಯ ಒಮ್ಮತದಿಂದ ಕಾಲೇಜಿನ ಪರವಾಗಿ ತೀರ್ಪು ಕೊಟ್ಟಿತು. ಇಂದು ಬಾಯಿಯ ಜಾಗದಲ್ಲಿ ಪಾರದರ್ಶಕ ಕಿಟಕಿಯಿರುವ ಮಾಸ್ಕ್‌ಗಳಿವೆ, ಹೃದಯದ ಸದ್ದನ್ನು ದೊಡ್ಡದು ಮಾಡುವುದಷ್ಟೇ ಅಲ್ಲದೆ ಪರದೆಯ ಮೇಲೆ ಅಲೆಗಳಾಗಿ ತೋರಿಸುವ ಎಲೆಕ್ಟ್ರಾನಿಕ್ ಸ್ಟೆತಾಸ್ಕೋಪುಗಳಿವೆ, ಶ್ರವಣದೋಷವಿರುವ ನರ್ಸ್‌ಗಳು ಕೆಲಸದಲ್ಲಿದ್ದಾರೆ. ‘ನಿಮ್ಮಿಂದ ಆಗದು’ ಎಂಬ ತೀರ್ಪಿನಲ್ಲಿ ಬಹುಪಾಲು ಆ ಕಾಲದ ಸಾಧನಗಳ ಬಗ್ಗೆ ಇರುವ ತೀರ್ಪು. ನಿಮ್ಮ ವಿಷಯದಲ್ಲಿಯೂ ಕೆಲಸದ ತಿರುಳು ಸರಿಯಾದ ಔಷಧ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ರೋಗಿಗೆ, ಸರಿಯಾದ ಹೊತ್ತಿಗೆ ಮುಟ್ಟುವುದು. ಗಾಜನ್ನು ಬರಿಬೆರಳಿನಿಂದ ಮುರಿಯುವುದು ಅದರ ತಿರುಳಲ್ಲ.

ಹಾಗೆಂದು ರೋಗಿಯ ಸುರಕ್ಷತೆಯ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಹೃದಯ ನಿಂತಾಗ ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಆರೋಗ್ಯವಂತರೂ ಎರಡು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಊದಿಕೊಂಡ ಮಣಿಕಟ್ಟಿನಲ್ಲಿ ಅದನ್ನು ನಡೆಸಲು ನಿಮ್ಮಿಂದ ಆಗದ ದಿನಗಳಿರುತ್ತವೆ. ತಂಡ ಇದ್ದಾಗ ನೀವು ಔಷಧ, ಸಮಯ, ದಾಖಲೆ, ನಿರ್ದೇಶನಗಳ ಹೊಣೆ ಹೊರಬಹುದು, ಅದೂ ಅಷ್ಟೇ ಮುಖ್ಯವಾದ ಕೆಲಸ. ಆದರೆ ಕಾಯಿಲೆ ಕೆರಳಿರುವ ದಿನಗಳಲ್ಲಿ ರಾತ್ರಿಯ ಹೊತ್ತು ಇಡೀ ವಾರ್ಡಿಗೆ ನೀವೊಬ್ಬರೇ ನರ್ಸ್ ಆಗಿರಬಾರದು. ಇದೊಂದು ವಿಷಯದಲ್ಲಿ ಯಾರು ಒತ್ತಾಯಿಸಿದರೂ ಒಪ್ಪಬೇಡಿ. ತನ್ನ ಮಿತಿಯನ್ನು ಅರಿತು ಮೊದಲೇ ಹೇಳುವ ನರ್ಸ್‌ಗಿಂತ, ತನಗೇನೂ ಆಗಿಲ್ಲವೆಂದು ತೋರಿಸಿಕೊಳ್ಳುವ ನರ್ಸ್ ರೋಗಿಗೆ ಹೆಚ್ಚು ಅಪಾಯಕಾರಿ.

ಜೊತೆಯವರ ಮುಖದ ಬಗ್ಗೆ ನೀವು ಬರೆದಿಲ್ಲ, ಆದರೆ ಅದರ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ‘ಇವರ ಕೆಲಸವೂ ನಮ್ಮ ಮೇಲೆ’ ಎಂಬ ಗೊಣಗಾಟ ಹುಟ್ಟುವುದು ಕೊಡುಕೊಳ್ಳುವಿಕೆ ಕಾಣದಿದ್ದಾಗ. ನೀವು ಬಿಡುವ ಕೆಲಸಕ್ಕೆ ಬದಲಾಗಿ ಬೇರೊಂದನ್ನು ಬಾಯಿಬಿಟ್ಟು ತೆಗೆದುಕೊಳ್ಳಿ: ಹೊಸ ರೋಗಿಯ ಪೂರ್ವವೃತ್ತಾಂತ, ಮನೆಗೆ ಹೋಗುವವರಿಗೆ ಔಷಧಗಳ ವಿವರಣೆ, ಕೋಪದಲ್ಲಿರುವ ಕುಟುಂಬದವರೊಂದಿಗೆ ಮಾತು. ಏಳು ವರ್ಷದ ಅನುಭವಿಗೆ ಇವು ಸಲೀಸು, ಹೊಸಬರಿಗೆ ಬೆಟ್ಟ. ಈ ಕಾಯಿಲೆ ಇರುವವರಲ್ಲಿ ಖಿನ್ನತೆ ಸಾಮಾನ್ಯವೆಂಬುದನ್ನೂ ಮರೆಯಬೇಡಿ. ನಿದ್ರೆ, ಹಸಿವು, ಆಸಕ್ತಿ ಕುಂದಿದ್ದರೆ ಅದಕ್ಕೂ ಚಿಕಿತ್ಸೆ ಪಡೆಯಿರಿ, ನೋವಿನ ಖಾತೆಗೆ ಹಾಕಿ ಸುಮ್ಮನಾಗಬೇಡಿ.

ಮುಂದಿನ ಇಪ್ಪತ್ತೈದು ವರ್ಷಗಳ ಮಾತು. ಫ್ಲಾರೆನ್ಸ್ ನೈಟಿಂಗೇಲ್ ಕ್ರೈಮಿಯಾ ಯುದ್ಧಭೂಮಿಯಲ್ಲಿ ತಗುಲಿದ ಕಾಯಿಲೆಯಿಂದಾಗಿ 1857ರ ನಂತರ ದೀರ್ಘಕಾಲ ಹಾಸಿಗೆ, ಕೋಣೆಗಳಿಗೆ ಸೀಮಿತರಾದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಆರಂಭವಾದದ್ದು ಆ ಅವಧಿಯಲ್ಲಿಯೇ. ಇದನ್ನು ನಿಮ್ಮನ್ನು ಹುರಿದುಂಬಿಸಲು ಹೇಳುತ್ತಿಲ್ಲ. ಅವರಿಗೆ ಹಣವಿತ್ತು, ಹೆಸರಿತ್ತು, ಓಡಾಡುವ ಸಹಾಯಕರಿದ್ದರು. ಹಾಸಿಗೆಯಿಂದಲೇ ಕೆಲಸ ನಡೆಯುವಂತೆ ಸುತ್ತಲಿನ ವ್ಯವಸ್ಥೆ ಹೊಂದಿಕೊಂಡಿತ್ತು. ಛಲ ಎಷ್ಟೇ ಇದ್ದರೂ ಆ ವ್ಯವಸ್ಥೆ ಬೇಕಾಗುತ್ತದೆ, ಅದನ್ನು ಕಟ್ಟಿಕೊಳ್ಳಲು ನಿಮಗೆ ಈಗ ಸಮಯವಿದೆ.

ಮೇಜಿನ ಕೆಲಸಕ್ಕೆ ಗಾಬರಿಯಿಂದ ಓಡಬೇಡಿ ಎಂಬುದು ನನ್ನ ಮೊದಲ ಸಲಹೆ. ದಿನವಿಡೀ ಕೀಬೋರ್ಡ್ ಒತ್ತುವುದೂ ಬೆರಳಿಗೆ ನೋವೇ, ಮತ್ತು ರೋಗಿಗಳಿಂದ ದೂರವಾದ ಅನೇಕರು ಒಂದು ವರ್ಷದಲ್ಲಿ ಬಾಡಿಹೋಗುತ್ತಾರೆ. ಚಿಕಿತ್ಸೆ ಬೇಗ ಆರಂಭವಾಗಿ ಕಾಯಿಲೆ ಹತೋಟಿಗೆ ಬಂದರೆ ಕೀಲುಗಳು ಉಳಿಯುತ್ತವೆ. ನಿಮ್ಮದಿನ್ನೂ ಮೊದಲ ವರ್ಷ, ಈಗಿನ ಕೈಗಳನ್ನು ನೋಡಿ ಇಡೀ ಬದುಕನ್ನು ಅಳೆಯಬೇಡಿ. ಮೆಥೊಟ್ರೆಕ್ಸೇಟಿನಿಂದ ಊತ ಇಳಿದಿಲ್ಲವೆಂದರೆ ಸಹಿಸಿಕೊಳ್ಳುತ್ತ ಕೂರದೆ ಮುಂದಿನ ಔಷಧದ ಬಗ್ಗೆ ಕೇಳಿ. ಎರಡನೆಯದಾಗಿ, ಆರೋಗ್ಯ ಚೆನ್ನಾಗಿರುವ ವರ್ಷಗಳಲ್ಲೇ ಒಂದು ಪರಿಣತಿಯನ್ನು ಗಳಿಸಿಕೊಳ್ಳಿ. ಸೋಂಕು ನಿಯಂತ್ರಣ, ಮಧುಮೇಹ ಶಿಕ್ಷಣ, ಉಪಶಾಮಕ ಆರೈಕೆ, ವೈದ್ಯಕೀಯ ಸಂಶೋಧನೆಯ ಸಮನ್ವಯ, ಬೋಧನೆ, ಇವೆಲ್ಲ ಕೈಬಲಕ್ಕಿಂತ ನಿರ್ಣಯಶಕ್ತಿ ಬೇಡುವ ದಾರಿಗಳು. ನನಗೆ ಹೆಚ್ಚು ಇಷ್ಟವಾದ ದಾರಿ ಮತ್ತೊಂದು. ಸಂಧಿವಾತ ರೋಗಿಗಳ ಆರೈಕೆಯಲ್ಲಿ ನರ್ಸ್‌ಗಳ ಪಾತ್ರ ಏನಿರಬೇಕೆಂದು ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟ ಯೂಲಾರ್ 2012ರಲ್ಲೇ ಶಿಫಾರಸುಗಳನ್ನು ಪ್ರಕಟಿಸಿತು; ಔಷಧಗಳ ಪರಿಣಾಮ ಗಮನಿಸುವುದು, ರೋಗಿಗೆ ತನ್ನ ಕಾಯಿಲೆ ನಿಭಾಯಿಸಲು ಕಲಿಸುವುದು, ಫೋನಿನಲ್ಲಿ ಲಭ್ಯವಿರುವುದು ಇಂಥವು ಅದರಲ್ಲಿವೆ. ಬೆಳಗಿನ ಬಿಗಿತ ಎಂದರೇನೆಂದು ಪುಸ್ತಕದಿಂದ ತಿಳಿದವರು ಅನೇಕರಿದ್ದಾರೆ. ಅದನ್ನು ಬಲ್ಲ ಕೈಯಿಂದಲೇ ಮೊದಲ ಇಂಜೆಕ್ಷನ್ ಚುಚ್ಚಿಕೊಳ್ಳಲು ಕಲಿಯುವ ರೋಗಿಯ ಧೈರ್ಯವೇ ಬೇರೆ.

ಈ ವಾರ ಮಾಡಬೇಕಾದ್ದು ಮೂರೇ. ಆ ಚಿಕ್ಕ ಪುಸ್ತಕ ಆರಂಭಿಸಿ, ಸಮವಸ್ತ್ರದ ಜೇಬಿನಲ್ಲಿ ಒಂದು ಆಂಪೂಲ್ ಓಪನರ್ ಇಟ್ಟುಕೊಳ್ಳಿ, ಮತ್ತು ಅಂದು ಚೆಲ್ಲಿದ ಔಷಧದ ಘಟನಾ ವರದಿ ಬರೆದಿರಲಿಲ್ಲವಾದರೆ ಈಗ ಬರೆಯಿರಿ. ಕಾರಣ ಎಂಬ ಅಂಕಣದಲ್ಲಿ ‘ಅಜಾಗರೂಕತೆ’ ಎಂದು ಬರೆಯಬೇಡಿ. ‘ಬೆರಳುಗಳ ಬಿಗಿತದಿಂದ ಹಿಡಿತ ತಪ್ಪಿತು, ಓಪನರ್ ಲಭ್ಯವಿರಲಿಲ್ಲ’ ಎಂದು ಬರೆಯಿರಿ.